ಎದೆ ಇಪ್ಪತ್ತಾರು

ಮೇ 9

ತಮ್ಮಾ,

ನಿನ್ನ ಕಾಗದ ತಲುಪಿತು. ಬಸ್ ನಿಲ್ದಾಣದ ಹಿಂದಿನ ಪಾರ್ಸಲ್ ಆಫೀಸಿನವನು ಪ್ಯಾಂಟಿಗೆ ಜಿಪ್ಪು ಹಾಕಿಸುವ ನೆಪದಲ್ಲಿ ಅಂಗಡಿಗೆ ಬಂದು ಕೊಟ್ಟುಹೋದ. ಪುಟಗಟ್ಟಲೆ ಬರೆದಿದ್ದೀಯ. ಎಲ್ಲ ಪುಟದಲ್ಲೂ ಹುಡುಕಿದೆ. ಏನು ತಿಂದೆ, ಎಲ್ಲಿ ಮಲಗುತ್ತೀಯ, ಯಾವಾಗ ಬರುತ್ತೀಯ ಎಂಬ ಒಂದು ಸಾಲೂ ಇಲ್ಲ. ಅನ್ಯಾಯ, ತ್ಯಾಗ, ರಕ್ತ, ನಮ್ಮವರು, ಅವರು, ಇವೇ. ಶಾಲೆಯಲ್ಲಿ ಪ್ರಬಂಧ ಬರೆಯುವಾಗಲೂ ನೀನು ಇಷ್ಟು ದೊಡ್ಡ ಮಾತು ಆಡಿದವನಲ್ಲ. ಓದುತ್ತ ಓದುತ್ತ ಎಲ್ಲಾದರೂ ನೀನು ಸಿಗುತ್ತೀಯೇನೋ ಅಂತ ಕಾದೆ. ಸಿಕ್ಕಿದ್ದು ಆ ಕನ್ನಡಕದವನು.

ಅವನೇ, ಒಂದೇ ಪ್ಯಾಂಟನ್ನು ಮೂರು ಸಲ ತಂದವನು. ಒಮ್ಮೆ ಉದ್ದ ಅಂದ, ಒಮ್ಮೆ ಗಿಡ್ಡ ಅಂದ, ಮತ್ತೊಮ್ಮೆ ಸೊಂಟ ಬಿಗಿ ಅಂದ. ಬಂದಾಗಲೆಲ್ಲ ನಿನ್ನ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು, ಧ್ವನಿ ತಗ್ಗಿಸಿ ಮಾತಾಡುತ್ತಿದ್ದ. ‘ಇವನಿಗೇನು ಇಷ್ಟು ಕೆಲಸ ಇಲ್ಲಿ?’ ಅಂತ ಕೇಳಿದರೆ ಅಪ್ಪ ನನ್ನನ್ನೇ ಗದರಿದರು: ‘ಗಿರಾಕಿಯನ್ನ ಯಾಕೆ, ಏನು ಅಂತ ಕೇಳೋದು ನಮ್ಮ ಕೆಲ್ಸ ಅಲ್ಲ ಕಣಮ್ಮ. ಅಳತೆ ತಗೊ, ಹೊಲಿದು ಕೊಡು.’ ನಮ್ಮ ಅಂಗಡಿಯ ಪದ್ಧತಿ ನಿನಗೂ ಗೊತ್ತಲ್ಲ. ಸೊಂಟ ಸಡಿಲ ಮಾಡಿಕೊಡಿ ಎಂದವಳನ್ನು ಏನು ವಿಶೇಷ ಎಂದು ಕೇಳಬಾರದು. ಬಿಗಿ ಮಾಡಿಕೊಡಿ ಎಂದವನನ್ನು ಕಾಯಿಲೆಯೇ ಎಂದು ಕೇಳಬಾರದು.

ನಿನಗೆ ಇಲ್ಲಿ ಸಾಕಾಗಿತ್ತು, ಬಲ್ಲೆ. ‘ಜೀವಮಾನ ಎಲ್ಲಾ ಕಂಡೋರ ಮಕ್ಕಳ ಚಡ್ಡಿ ಹೊಲೀತಾ ಕೂರ್ಲಾ?’ ಎಂದು ನೀನು ಎಸೆದ ಕತ್ತರಿ ನನ್ನ ಕಾಲಿನ ಹತ್ತಿರವೇ ಬಿತ್ತು. ಸರಿ, ಬೇಡ ಅನ್ನಬಹುದಿತ್ತು. ಬೇರೆ ಕೆಲಸ ಹುಡುಕಬಹುದಿತ್ತು. ಶಾಲೆ ತೆರೆಯುವ ಕಾಲಕ್ಕೆ, ಅರ್ಧ ಕತ್ತರಿಸಿದ ಸಮವಸ್ತ್ರದ ಬಟ್ಟೆ ಕಿಟಕಿ ಮುಚ್ಚುವಷ್ಟು ಬಿದ್ದಿರುವಾಗ, ತರಬೇತಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ, ಗಡಿ ದಾಟಿ, ಯಾರದೋ ಜಗಳಕ್ಕೆ ಹೋಗಬೇಕಿತ್ತೇ?

ನೀನು ಹೊರದೇಶದ ಫ್ಯಾಕ್ಟರಿಯಲ್ಲಿದ್ದೀಯ ಎಂದು ಅಪ್ಪನಿಗೆ ಹೇಳಿದ್ದೇನೆ. ಅವರು ಬಂದವರಿಗೆಲ್ಲ ‘ನಮ್ಮ ಹುಡುಗ ಸೂಪರ್‌ವೈಸರ್’ ಅನ್ನುತ್ತಿದ್ದಾರೆ. ಬಡ್ತಿ ಅವರೇ ಕೊಟ್ಟದ್ದು. ಸಂಬಳ ಹೆಚ್ಚಾಗುವ ಮೊದಲು ಬಂದುಬಿಡು.

ಅಕ್ಕ


ಜೂನ್ 2

ಅಕ್ಕಾ,

ನಿನ್ನ ಕಾಗದ ಓದಿ ಬೇಸರವಾಯಿತು. ಇಲ್ಲಿ ಊರಿಗೆ ಊರೇ ಸುಟ್ಟುಹೋಗಿದೆ, ನೀನು ಸಮವಸ್ತ್ರದ ಲೆಕ್ಕ ಹೇಳುತ್ತೀಯ. ಯಾರದೋ ಜಗಳ ಅಂದೆಯಲ್ಲ, ಅದೇ ಮಾತು ನಮ್ಮನ್ನು ಇಷ್ಟು ಕಾಲ ಕೂರಿಸಿಬಿಟ್ಟದ್ದು. ಕನ್ನಡಕದವರ ಬಗ್ಗೆ ಹಗುರವಾಗಿ ಬರೆಯಬೇಡ. ಆ ಅಂಗಡಿಗಿಂತ ದೊಡ್ಡದೊಂದಕ್ಕೆ ನಾನು ಬೇಕಾಗಿದ್ದೇನೆ ಎಂದು ಹೇಳಿದ ಮೊದಲ ಮನುಷ್ಯ ಅವರು. ನೀನು ಒಂದು ದಿನವಾದರೂ ಹಾಗೆ ಹೇಳಿದ್ದೀಯ?

ಇಲ್ಲಿ ನನಗೆ ಬೇರೆ ಹೆಸರಿದೆ. ಚೀಟಿಯಲ್ಲಿ ಬೇರೆಯಾಗಿ ಬರೆದಿದ್ದೇನೆ. ಮುಂದೆ ಲಕೋಟೆಯ ಮೇಲೆ ಅದನ್ನೇ ಬರೆ, ಹಳೆಯದು ಬೇಡ. ಎಲ್ಲಿದ್ದೇನೆಂದು ಹೇಳುವಂತಿಲ್ಲ. ಹೋರಾಟದ ಮುಂಚೂಣಿಯಲ್ಲಿದ್ದೇನೆ ಎಂದಷ್ಟೇ ತಿಳಿದುಕೊ. ಭಯವಿಲ್ಲ. ಅಳಬೇಡ.

ಇನ್ನೊಂದು ವಿಷಯ. ಇಲ್ಲೊಬ್ಬ ಗೆಳೆಯನಿಗೆ ಹಳೆಯ ಹೊಲಿಗೆ ಮೆಷಿನ್ ಸಿಕ್ಕಿದೆ. ದಪ್ಪ ಬಟ್ಟೆ ಹೊಲಿದರೆ ಅಡಿಯಲ್ಲಿ ದಾರ ಗಂಟು ಗಂಟಾಗಿ ಕೂರುತ್ತದೆ. ಅಡಿದಾರದ ಬಾಬಿನ್ ಬದಲಾಯಿಸಿದರೂ ಸರಿಹೋಗಲಿಲ್ಲ. ಏನು ಮಾಡಬೇಕು ಎಂದು ಕೇಳಿದ. ನಿನಗೆ ಪುರುಸೊತ್ತಾದರೆ ತಿಳಿಸು.


ಜೂನ್ 20

ತಮ್ಮಾ,

ನಿನ್ನ ‘ಗೆಳೆಯ’ನಿಗೆ ಹೇಳು: ಅಡಿಯಲ್ಲಿ ಗಂಟು ಬಿದ್ದರೆ ತಪ್ಪು ಮೇಲಿನ ದಾರದ್ದು, ಬಾಬಿನ್ನಿನದಲ್ಲ. ಮೇಲಿನ ದಾರ ಸಡಿಲವಾಗಿದೆ, ಬಿಗಿ ಮಾಡು. ಹದಿನೆಂಟನೇ ನಂಬರಿನ ಸೂಜಿ ಹಾಕು. ಇದನ್ನು ಆ ಗೆಳೆಯನಿಗೆ ಅವನು ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದೆ. ಅವನ ಕಿವಿಗೆ ಹೋಗಿರಲಿಲ್ಲ.

ಮುಂಚೂಣಿಯಲ್ಲಿ ಇದ್ದೀಯಂತೆ! ಕಾಗದ ಓದಿ ನಾನು ಎಷ್ಟು ನಕ್ಕೆ ಎಂದರೆ, ಗುಂಡಿಗೆ ಕಾಜಾ ಮಾಡುತ್ತಿದ್ದ ಅಪ್ಪ ಸೂಜಿ ಹಿಡಿದೇ ತಿರುಗಿ ನೋಡಿದರು. ‘ಏನಂತೆ?’ ಅಂದರು. ‘ಮೆಷಿನ್ ತೊಂದರೆ ಕೊಡ್ತಿದೆಯಂತೆ’ ಅಂದೆ. ‘ಅಷ್ಟು ದೂರ ಹೋದ್ರೂ ನಮ್ ಹಣೆಬರಹ ಬಿಡಲಿಲ್ಲ ನೋಡು’ ಎಂದು ಅವರೂ ನಕ್ಕರು. ನೀನು ಹೋದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಿನಗೆ ಸಿಟ್ಟು ಬರುತ್ತದೆ, ಬರಲಿ. ಹೊಲಿಗೆ ಬೇಡ ಎಂದು ಓಡಿಹೋದವನನ್ನು ಹಿಡಿದು ಮೆಷಿನ್ ಮುಂದೆಯೇ ಕೂರಿಸಿದ್ದಾರೆ! ನಿನ್ನ ಆ ದೊಡ್ಡವರ ಮೇಲೆ ನನಗೆ ಮೊದಲ ಬಾರಿಗೆ ಸ್ವಲ್ಪ ಗೌರವ ಹುಟ್ಟಿತು.

ಅದಕ್ಕೇ ಹೇಳುತ್ತೇನೆ, ಕೇಳು. ಅಲ್ಲಿಂದ ಏಳಬೇಡ. ಕೈಕೆಲಸ ಚೆನ್ನಾಗಿ ಮಾಡು. ನೀನಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವಷ್ಟು ಚೆನ್ನಾಗಿ ಮಾಡು. ಮೆಷಿನ್ ಮುಂದೆ ಕೂತವನ ಕೈಗೆ ಯಾರೂ ಬಂದೂಕು ಕೊಡುವುದಿಲ್ಲ. ಏನು ಬೇಕಾದರೂ ಕೇಳು, ಹೇಳಿಕೊಡುತ್ತೇನೆ. ಸೂಜಿ, ಎಣ್ಣೆ, ಒಳ್ಳೆಯ ಕತ್ತರಿ ಈ ಪಾರ್ಸಲ್ಲಿನಲ್ಲೇ ಇವೆ.

ಮೊನ್ನೆ ಇಬ್ಬರು ಪೊಲೀಸ್ ಅಧಿಕಾರಿಗಳು ಬಂದಿದ್ದರು. ನೀನು ಎಲ್ಲಿ ಎಂದು ಕೇಳಿದರು. ಫ್ಯಾಕ್ಟರಿ ಅಂದೆ. ಅವರಲ್ಲಿ ದಪ್ಪನೆಯವರು ಅಂಗಡಿಯನ್ನೆಲ್ಲ ಕಣ್ಣಲ್ಲೇ ಅಳೆದು, ‘ಕಾಗದ ಬಂದ್ರೆ ತಿಳಿಸಮ್ಮ. ನಾವು ಶತ್ರುಗಳಲ್ಲ’ ಎಂದರು. ಆಗ ನಿನ್ನ ಕಾಗದ ಅವರು ಕೂತಿದ್ದ ಸ್ಟೂಲಿನ ದಿಂಬಿನೊಳಗೇ ಇತ್ತು.

ಲಕೋಟೆಯ ಮೇಲೆ ಆ ಹೊಸ ಹೆಸರು ಬರೆದಿದ್ದೇನೆ. ಯಾರೋ ಅಪರಿಚಿತನಿಗೆ ಸೂಜಿ ಮಾರಿದ ಹಾಗೆ ಅನ್ನಿಸಿತು. ಒಳಗೆ ಬರೆಯುವುದಿಲ್ಲ, ಬಲವಂತ ಮಾಡಬೇಡ.

ಅಕ್ಕ


ಜುಲೈ 14

ಅಕ್ಕಾ,

ನಕ್ಕಿದ್ದು ಸಾಕು. ಹೌದು, ಹೊಲಿಯುತ್ತಿದ್ದೇನೆ. ಬಂದ ವಾರದಲ್ಲಿ ಒಬ್ಬನ ಅಂಗಿಯ ತೋಳು ಹರಿದಿತ್ತು, ಕೈಯಲ್ಲೇ ಹೊಲಿದುಕೊಟ್ಟೆ. ಅಷ್ಟೇ ನಾನು ಮಾಡಿದ ತಪ್ಪು. ಇಲ್ಲಿನ ಮುಖ್ಯಸ್ಥರು ಆ ಹೊಲಿಗೆಯನ್ನು ಬೆರಳಿನಲ್ಲಿ ಸವರಿ ನೋಡಿದರು. ಮರುದಿನವೇ ನನ್ನನ್ನು ಶಿಬಿರದಿಂದ ತೆಗೆದು ಇಲ್ಲಿ ಕೂರಿಸಿದರು. ಹಿಂದೆ ಇದು ಶಾಲೆಯಾಗಿತ್ತು. ಗೋಡೆಯ ಮೇಲೆ ಇನ್ನೂ ಮಗ್ಗಿ ಇದೆ. ಹಗಲೆಲ್ಲ ಚೀಲ, ಡೇರೆ, ಸೊಂಟಪಟ್ಟಿ. ನನ್ನ ಜೊತೆ ಬಂದವರು ಎದುರಿನ ರಸ್ತೆಯಲ್ಲಿ ಲಾರಿ ಹತ್ತುವಾಗ ಕೂಗುತ್ತಾರೆ: ‘ಏ ಟೈಲರ್, ನನ್ ಗುಂಡಿ ಭದ್ರವಾಗಿದೆಯೇನೋ?’ ನಗುತ್ತ ಹೋಗುತ್ತಾರೆ. ವಾಪಸ್ ಬರುವಾಗ ಅಷ್ಟು ಜನ ಇರುವುದಿಲ್ಲ. ಬಾರದವರ ಬಟ್ಟೆ ಬರುತ್ತದೆ, ಒಗೆದು ಸರಿಮಾಡಿ ಇನ್ನೊಬ್ಬರಿಗೆ ಕೊಡಲು.

ನನ್ನನ್ನೂ ಕಳಿಸಿ ಎಂದು ಎಷ್ಟೋ ಸಲ ಕೇಳಿದೆ. ಮುಖ್ಯಸ್ಥರು, ‘ಬಂದೂಕು ಹಿಡಿಯೋರು ಬೇಕಾದಷ್ಟು ಸಿಗ್ತಾರೆ. ಟೈಲರ್ ಸಿಗಲ್ಲ. ಕೂತ್ಕೊ’ ಎಂದರು. ಇಷ್ಟು ದೂರ ಬಂದದ್ದು ಇದಕ್ಕೇ? ನಿನಗೆ ಇದು ತಮಾಷೆ, ನನಗೆ ಹೊಟ್ಟೆ ಉರಿಯುತ್ತದೆ.

ಕತ್ತರಿ ಚೆನ್ನಾಗಿದೆ. ಅಪ್ಪನ ಕಣ್ಣು ಹೇಗಿದೆ?

ಈಗ ಒಂದು ಹೊಸ ಕೆಲಸ ಕೊಟ್ಟಿದ್ದಾರೆ. ತೋಳಿಲ್ಲದ ಅಂಗಿ, ಸುತ್ತಲೂ ಜೇಬು. ಸಾಮಾನು ಹೊರುವುದಕ್ಕೆ. ಭಾರ ಹಾಕಿದರೆ ಜೇಬು ಜೋತು ಬೀಳುತ್ತದೆ, ಮುಂಭಾಗ ಎಳೆದುಕೊಂಡು ಹೋಗುತ್ತದೆ. ಇದನ್ನು ಸರಿಯಾಗಿ ಮಾಡಿ ತೋರಿಸಿದರೆ ಮುಖ್ಯಸ್ಥರು ನನ್ನ ಮಾತು ಕೇಳಬಹುದು.


ಆಗಸ್ಟ್ 1

ತಮ್ಮಾ,

ಅಪ್ಪನ ಕಣ್ಣು ಕೇಳಿದೆಯಲ್ಲ, ಅಷ್ಟಕ್ಕೇ ನಿನ್ನ ಹಿಂದಿನ ಪ್ರಬಂಧಗಳನ್ನೆಲ್ಲ ಕ್ಷಮಿಸಿದೆ. ದಾರ ಪೋಣಿಸಲು ಈಗ ನಾನೇ ಬೇಕು. ‘ಸೂಜಿಯ ಕಣ್ಣಿಗೇ ಪೊರೆ ಬಂದಿದೆ’ ಅನ್ನುತ್ತಾರೆ.

ಜೇಬಿನ ವಿಷಯಕ್ಕೆ ಬರೋಣ. ವಿದ್ಯುತ್ ಕೆಲಸದವರಿಗೆ ನಾವು ಹೊಲಿದ ಅಂಗಿ ನೆನಪಿಸಿಕೊ. ಇಕ್ಕಳ, ಸುತ್ತಿಗೆ, ತಂತಿ ಎಲ್ಲ ತುಂಬಿಕೊಂಡು ಕಂಬ ಹತ್ತುತ್ತಿದ್ದರು, ಒಂದು ದಿನವೂ ಜೋತು ಬೀಳಲಿಲ್ಲ. ಯಾಕೆ? ಭಾರ ಜೇಬಿನ ಮೇಲೆ ಬೀಳಬಾರದು, ಹೆಗಲ ಮೇಲೆ ಬೀಳಬೇಕು. ಜೇಬಿನ ಅಡಿಯಿಂದ ಹೆಗಲವರೆಗೆ ಒಂದೇ ಪಟ್ಟಿ ಓಡಿಸು. ಬೆನ್ನಿನಲ್ಲಿ ಎರಡು ಪಟ್ಟಿಯೂ ಒಂದನ್ನೊಂದು ದಾಟಿಹೋಗಲಿ. ಒಳಗೆ ಕ್ಯಾನ್ವಾಸು ಕೊಡು. ಚಿತ್ರ ಬರೆದು ಇಟ್ಟಿದ್ದೇನೆ. ಹಾಕಿಕೊಂಡವನಿಗೆ ಭಾರ ಹೊತ್ತಿದ್ದೇನೆ ಅಂತಲೇ ಅನ್ನಿಸಬಾರದು, ಹಾಗೆ ಕೂರುತ್ತದೆ.

ಔಷಧಿ ಹೊರುವವರಿಗೆ ಇರಬೇಕು ಅಂದುಕೊಂಡೆ. ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಾಯವಾದವರ ಹತ್ತಿರ ಓಡುವವರು ತಾನೇ? ಅಂಥ ಕೆಲಸವಾದರೆ ಮನಸ್ಸಿಟ್ಟು ಮಾಡು.

ಸಾಲು ಸಾಲಾಗಿ ಬರೆಯುತ್ತಿದ್ದೇನೆ, ಕೈ ನಿಲ್ಲುತ್ತಿಲ್ಲ. ನಿನ್ನ ಮೆಷಿನ್ ಪಕ್ಕದಲ್ಲೇ ಕೂತು ಬೈಯುತ್ತ ಹೇಳಿಕೊಟ್ಟ ಹಾಗಿದೆ. ಸಿಟ್ಟು ಮಾಡಿಕೊಂಡು ಎದ್ದುಹೋಗುವುದಕ್ಕೆ ಈಗ ನಿನಗೂ ಜಾಗವಿಲ್ಲ.

ಅಕ್ಕ


ಸೆಪ್ಟೆಂಬರ್ 5

ಅಕ್ಕಾ,

ಪಟ್ಟಿ ಕೂತಿತು! ಹಾಕಿಕೊಂಡು ಓಡಿ ನೋಡಿದೆ, ಒಂದು ಇಂಚು ಅಲುಗಲಿಲ್ಲ. ಮುಖ್ಯಸ್ಥರು ಎಲ್ಲರೆದುರು ನನ್ನ ಬೆನ್ನು ತಟ್ಟಿ, ‘ಯಾರ ಹತ್ತಿರ ಕಲಿತೆ?’ ಎಂದರು. ಅಕ್ಕನ ಹತ್ತಿರ ಎಂದೆ. ‘ನಿನ್ನ ಅಕ್ಕ ನಮ್ಮವಳು’ ಎಂದರು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ತಲೆ ಎತ್ತಿ ಊಟಕ್ಕೆ ಕೂತೆ. ಈಗ ಯಾರೂ ಗುಂಡಿಯ ಮಾತಾಡಿ ಗೇಲಿ ಮಾಡುವುದಿಲ್ಲ.

ಇನ್ನೊಂದೇ ತೊಡಕು. ಹೊಸದೊಂದು ಅಳತೆ ಬಂದಿದೆ: ಎದೆ ಇಪ್ಪತ್ತಾರು, ಹೆಗಲು ಹನ್ನೊಂದೂವರೆ. ಇಷ್ಟು ಚಿಕ್ಕ ಬೆನ್ನಿನಲ್ಲಿ ಪಟ್ಟಿಗಳು ಒಂದರ ಮೇಲೊಂದು ಬಂದು ಗುಪ್ಪೆಯಾಗುತ್ತವೆ. ಮೇಲೆ ಅಂಗಿ ಹಾಕಿದಾಗ ಉಬ್ಬು ಕಾಣಬಾರದು ಎಂದು ಹೇಳಿದ್ದಾರೆ. ಪಟ್ಟಿಯನ್ನು ಪಕ್ಕಕ್ಕೆ ತೆಗೆದರೆ ಹೆಗಲಿನಿಂದ ಜಾರುತ್ತದೆ. ಎರಡು ಸಲ ಬಿಚ್ಚಿದೆ. ಬಟ್ಟೆ ಕಡಿಮೆ ಇದೆ, ಮೂರನೇ ಸಲ ಕತ್ತರಿಸುವ ಹಾಗಿಲ್ಲ. ಬೇಗ ತಿಳಿಸು.


ಸೆಪ್ಟೆಂಬರ್ 19

ತಮ್ಮಾ,

ಎದೆ ಇಪ್ಪತ್ತಾರು, ಹೆಗಲು ಹನ್ನೊಂದೂವರೆ.

ಈ ಅಳತೆಯನ್ನು ನಾನು ಟೇಪು ಹಿಡಿಯದೆ ಹೇಳಬಲ್ಲೆ. ಪ್ರತಿ ವರ್ಷ ಶಾಲೆ ತೆರೆಯುವಾಗ ಈ ಅಳತೆಯ ಮಕ್ಕಳು ಸಾಲಾಗಿ ಬಂದು ನಿಲ್ಲುತ್ತವೆ. ಅದು ನಾಲ್ಕನೇ ತರಗತಿ. ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರುವುದಿಲ್ಲ. ಟೇಪು ಕಂಕುಳಿಗೆ ಹೋದರೆ ಕಚಗುಳಿಯಾಗಿ ನುಲಿಯುತ್ತವೆ.

ಯಾರದು ಆ ಮಗು?

ಔಷಧಿ ಹೊರುವವನಾದರೆ ಉಬ್ಬು ಕಂಡರೆ ಏನಂತೆ? ಯಾರಿಗೆ ಕಾಣಬಾರದು? ಹಾಕಿಕೊಂಡು ಎಲ್ಲಿಗೆ ಹೋಗಬೇಕು, ಯಾರ ನಡುವೆ ನಿಲ್ಲಬೇಕು? ಆ ಜೇಬಿನಲ್ಲಿ ಏನು ತುಂಬುತ್ತಾರೆ?

ನೀನು ಪಟ್ಟಿಯ ಬಗ್ಗೆ ಮಾತ್ರ ಬರೆದಿದ್ದೀಯ. ನಿನ್ನ ಮೇಲೆ ಕೂಗಾಡಬೇಕು ಅನ್ನಿಸುತ್ತದೆ, ಆದರೆ ಕಾಗದ ಓದಿದ ಕೂಡಲೇ ನಾನೂ ಮೊದಲು ಯೋಚಿಸಿದ್ದು ಪಟ್ಟಿಯನ್ನೇ. ಪೆನ್ಸಿಲು ತೆಗೆದುಕೊಂಡು ಗೆರೆ ಎಳೆದಿದ್ದೆ. ಎಳೆದ ಮೇಲೆ ಅಳತೆ ಕಣ್ಣಿಗೆ ಬಿತ್ತು. ಅಪ್ಪ ಕಲಿಸಿದ್ದನ್ನು ನಾವಿಬ್ಬರೂ ಎಷ್ಟು ಚೆನ್ನಾಗಿ ಕಲಿತಿದ್ದೇವೆ ನೋಡು. ಅಳತೆ ತೆಗೆದುಕೊ, ಹೊಲಿದು ಕೊಡು.

ಹೊಲಿಯಬೇಡ. ಮೆಷಿನ್ ಬಿಟ್ಟು ಏಳಬೇಡ ಎಂದು ತಿಂಗಳುಗಟ್ಟಲೆ ಬರೆದವಳು ನಾನೇ. ಈಗ ಹೇಳುತ್ತೇನೆ, ಏಳು. ಮೆಷಿನ್ ಕೆಟ್ಟಿತು ಅನ್ನು, ಕೈಗೆ ಸೂಜಿ ಹೊಕ್ಕಿತು ಅನ್ನು, ಏನಾದರೂ ಅನ್ನು. ಯಾರಿಗೆ ಎಂದು ನನಗೆ ಬರೆ.

ಅಕ್ಕ


ಅಕ್ಟೋಬರ್ 10

ಅಕ್ಕಾ,

ನೀನು ಮೂಗು ತೂರಿಸುವ ವಿಷಯವಲ್ಲ ಇದು. ಯುದ್ಧದಲ್ಲಿ ದೊಡ್ಡವರು, ಚಿಕ್ಕವರು ಎಂದು ಬೇರೆ ಬೇರೆ ಇಲ್ಲ. ಅವರ ವಿಮಾನಗಳು ವಯಸ್ಸು ಕೇಳಿ ಬಾಂಬು ಹಾಕುತ್ತವೆಯೇ? ಆ ಹುಡುಗನ ಮನೆಯವರು ಯಾರೂ ಉಳಿದಿಲ್ಲ. ಅವನಾಗಿಯೇ ಒಪ್ಪಿದ್ದಾನೆ ಎಂದು ಮುಖ್ಯಸ್ಥರು ಹೇಳಿದ್ದಾರೆ. ಹೇಳಿಕೊಟ್ಟವಳು ನೀನು. ಚಿತ್ರ ಬರೆದು ಕಳಿಸಿದವಳು ನೀನು. ಆಗ ಯಾರಿಗೆ, ಏನಕ್ಕೆ ಎಂದು ಯಾಕೆ ಕೇಳಲಿಲ್ಲ? ಈಗ ನನ್ನೊಬ್ಬನ ಮೇಲೆ ಹಾಕಬೇಡ.

ಅಳತೆಗೆ ಬಂದಾಗ ಅವನು ಎರಡೂ ಕೈ ಎತ್ತಿ ಅಲುಗಾಡದೆ ನಿಂತಿದ್ದ. ಹೊಸ ಅಂಗಿ ಎಂದು ಹೇಳಿದ್ದಾರೆ. ‘ಅಣ್ಣ, ಕಾಲರ್ ಇರುತ್ತಾ?’ ಎಂದು ಕೇಳಿದ. ಇರುತ್ತೆ ಎಂದೆ. ಅದಕ್ಕೆ ಕಾಲರ್ ಇರುವುದಿಲ್ಲ. ಯಾಕೆ ಹಾಗೆ ಹೇಳಿದೆನೋ. ಆಮೇಲೆ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಆಯ್ತಾ ಎಂದು ಕೇಳುತ್ತಾನೆ.

ನಾನು ಎದ್ದರೆ ನನ್ನನ್ನು ಬಿಡುವುದಿಲ್ಲ. ಇನ್ನೊಬ್ಬ ಟೈಲರ್‌ನನ್ನು ತರುತ್ತಾರೆ, ಇಲ್ಲವೇ ಹಾಗೇ ಹೊಲಿದು ಹಾಕಿಸುತ್ತಾರೆ. ಪಟ್ಟಿ ಕೂರುತ್ತಿಲ್ಲ, ಅಕ್ಕನ ಉತ್ತರ ಬರಲಿ ಎಂದು ಹೇಳಿ ಇಷ್ಟು ದಿನ ತಳ್ಳಿದ್ದೇನೆ. ನಿನ್ನ ಚಿತ್ರದ ಮೇಲೆ ಅವರಿಗೆ ನಂಬಿಕೆಯಿದೆ. ಆದರೆ ಅವಸರ ಮಾಡುತ್ತಿದ್ದಾರೆ. ಉಪದೇಶ ಸಾಕು, ಪಟ್ಟಿಗೆ ಏನು ಮಾಡಲಿ ಎಂದಷ್ಟೇ ಬರೆ.


ಅಕ್ಟೋಬರ್ 23
(ಕಳುಹಿಸದ ಕಾಗದ)

ತಮ್ಮಾ,

ನಿನ್ನ ಕಾಗದಗಳನ್ನೆಲ್ಲ ಆ ದಪ್ಪನೆಯ ಅಧಿಕಾರಿಗೆ ಕೊಟ್ಟುಬಂದೆ.

ಅವರ ಆಫೀಸಿನಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಒಂದೊಂದೇ ಓದಿದರು. ನಾನು ಹೊಲಿಗೆ ಹೇಳಿಕೊಟ್ಟದ್ದು ನಿನ್ನ ಉತ್ತರಗಳಲ್ಲೇ ಇತ್ತಲ್ಲ. ‘ಬಾಂಬ್ ಅಂಗಿಗೆ ಚಿತ್ರ ಬರೆದು ಕಳಿಸಿದ್ದು ನೀವೇನಾ?’ ಅಂದರು. ‘ನಾನೇ’ ಅಂದೆ. ಬರೆದುಕೊಂಡರು. ಮುಂದೆ ನನಗೇನು ಕಾದಿದೆಯೋ, ಆಗ ಕೇಳುವ ಧೈರ್ಯವಾಗಲಿಲ್ಲ.

ಅವರಿಗೆ ನನ್ನಿಂದ ಒಂದು ಕಾಗದ ಬೇಕು. ಎಂದಿನ ಹಾಗೆ ಬರೆದದ್ದು, ಪ್ರೀತಿಯಾಗಿ, ಏನೂ ತಿಳಿಯದವಳ ಹಾಗೆ. ನಿನ್ನನ್ನು ಆ ಶಾಲೆಯಿಂದ ಹೊರಗೆ, ಗಡಿಯ ಹತ್ತಿರ ನಮ್ಮ ಪಾರ್ಸಲ್‌ಗಳು ಇಳಿಯುವ ಗೋದಾಮಿನವರೆಗೆ ಕರೆಸುವಂಥದ್ದು. ಅಲ್ಲಿ ಅವರ ಜನ ಇರುತ್ತಾರೆ. ನೀನು ಸಿಕ್ಕರೆ ಆ ಶಾಲೆ ಎಲ್ಲಿದೆಯೆಂದು ತಿಳಿಯುತ್ತದೆ, ಮಗುವನ್ನು ತರುತ್ತಾರೆ. ಹಾಗೆ ಅವರು ಹೇಳುತ್ತಾರೆ.

‘ನನ್ ತಮ್ಮನ್ನ ಜೀವಸಹಿತ ಹಿಡೀತೀರಾ?’ ಅಂದೆ.

‘ಪ್ರಯತ್ನ ಪಡ್ತೀವಮ್ಮ.’

‘ಪ್ರಯತ್ನ ಅಂದ್ರೆ?’

‘ಅವನು ಓಡ್ದೆ ಇದ್ರೆ, ಕೈ ಎತ್ತಿದ್ರೆ...’

‘ಅವನು ಓಡೋನೇ ಸಾರ್. ಓಡಿಯೇ ಅಲ್ಲಿಗೆ ಹೋಗಿದ್ದು.’

ಅವರು ಟೇಬಲ್ಲಿನ ಗಾಜಿನ ಅಡಿಯಲ್ಲಿದ್ದ ಯಾವುದೋ ಫೋಟೋ ನೋಡುತ್ತ ಕೂತರು. ಮಾತು ಕೊಡಿ ಎಂದು ಪೀಡಿಸಿದೆ, ಕೊಡಲಿಲ್ಲ. ಸುಳ್ಳಾದರೂ ಹೇಳಬಹುದಿತ್ತು.

ನಿನಗೆ ಎಲ್ಲ ಬರೆದುಬಿಡೋಣ ಎಂದೇ ಈ ಹಾಳೆ ತೆಗೆದದ್ದು. ಬರೆದರೆ ನೀನು ಹುಷಾರಾಗುತ್ತೀಯ. ನಿನ್ನ ಮನಸ್ಸು ತಿರುಗುತ್ತದೆ ಎಂದು ಕಾಯುತ್ತ ಕೂರಬಹುದು. ತಿರುಗುತ್ತಿದೆ, ಕಾಲರಿನ ಸಾಲಿನಲ್ಲಿ ನೀನು ಸಿಕ್ಕಿದೆ, ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ. ಆದರೆ ಅದು ಪೂರ್ತಿ ತಿರುಗುವವರೆಗೆ ಆ ಮಗು ಬಾಗಿಲಲ್ಲಿ ನಿಂತಿರುತ್ತದೆಯೇ?

ಒಂದೇ ಸಮನೆ ಸಿಟ್ಟು ಬರುತ್ತದೆ. ನಿನ್ನ ಮೇಲೆ, ಮುಖ್ಯಸ್ಥನ ಮೇಲೆ, ಮಾತು ಕೊಡದ ಅಧಿಕಾರಿಯ ಮೇಲೆ. ನಿನ್ನನ್ನು ಬದುಕಿಸಿಕೊಳ್ಳಲು ಬರೆದ ಪ್ರತಿ ಸಾಲೂ ಅಲ್ಲಿ ಆ ಹುಡುಗನ ಮೈಗೆ ಸರಿಯಾಗಿ ಕೂತಿತು. ಈಗ ಬರೆಯುವುದು ಯಾರ ಮೈಗೆ ಕೂರುತ್ತದೋ ತಿಳಿಯದೆ ಬರೆಯಬೇಕು.

ಈ ಹಾಳೆಯನ್ನು ಹರಿಯುತ್ತೇನೆ. ಹೊಸದು ತೆಗೆದುಕೊಳ್ಳುತ್ತೇನೆ.


ಅಕ್ಟೋಬರ್ 24

ತಮ್ಮಾ,

ಹಿಂದಿನ ಕಾಗದದಲ್ಲಿ ಏನೇನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಬ್ಬಳೇ ಕೂತು ಯೋಚಿಸಿದರೆ ತಲೆ ಹೀಗೇ ಕೆಡುತ್ತದೆ. ಅಲ್ಲಿಯ ವಿಷಯ ನಿನಗೆ ಗೊತ್ತಿರುವಷ್ಟು ನನಗೇನು ಗೊತ್ತು?

ಪಟ್ಟಿಗೆ ದಾರಿ ಸಿಕ್ಕಿತು. ಅಷ್ಟು ಚಿಕ್ಕ ಬೆನ್ನಿಗೆ ಪಟ್ಟಿ ದಾಟಿಸಬಾರದು, ಕಟಿಂಗೇ ಬೇರೆ. ಬಾಯಿಮಾತಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ, ಬರೆದರಂತೂ ಇಲ್ಲ. ಅದಕ್ಕೇ ಪೂರ್ತಿ ಅಳತೆಗೆ ಕಾಗದದಲ್ಲಿ ಕತ್ತರಿಸಿ ಸುರುಳಿ ಸುತ್ತಿದ್ದೇನೆ. ಮಡಿಸಿದರೆ ಗೆರೆ ತಪ್ಪುತ್ತದೆ, ಆದ್ದರಿಂದ ಇದರ ಜೊತೆಯಲ್ಲಿ ಬರುವುದಿಲ್ಲ. ಗಡಿಯ ಹತ್ತಿರದ ಗೋದಾಮಿಗೆ ಮುಂದಿನ ತಿಂಗಳ ಎರಡನೇ ಶುಕ್ರವಾರ ತಲುಪುತ್ತದೆ. ಒಳ್ಳೆಯ ಕ್ಯಾನ್ವಾಸೂ ಇಟ್ಟಿದ್ದೇನೆ, ನಿನ್ನ ಮುಖ್ಯಸ್ಥರಿಗೆ ಹೇಳು, ಅಂಥದ್ದು ಅಲ್ಲಿ ಸಿಗುವುದಿಲ್ಲ. ಅಲ್ಲಿಯವರೆಗೆ ಬಟ್ಟೆಗೆ ಕತ್ತರಿ ಹಾಕಬೇಡ. ಇರುವುದೂ ಕೆಡುತ್ತದೆ.

ಅಪ್ಪ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ.

ನೀನೇ ಬಾ. ಬೇರೆ ಯಾರನ್ನೂ ಕಳಿಸಬೇಡ, ಅವರಿಗೆ ಹಿಂದು ಮುಂದು ತಿಳಿಯುವುದಿಲ್ಲ. ಅವಸರದಲ್ಲಿ ಓಡಿ ಬರಬೇಡ, ನಿಧಾನವಾಗಿ ನಡೆದು ಬಾ. ಅಲ್ಲಿಯವರು ಯಾರಾದರೂ ನಿಲ್ಲು ಎಂದರೆ ನಿಲ್ಲು. ಕೈ ಮೇಲೆತ್ತು ಎಂದರೆ ಎತ್ತು, ತಮ್ಮಾ. ಅಳತೆಗೆ ನಿಂತ ಹಾಗೆ ಸುಮ್ಮನೆ ನಿಂತುಬಿಡು.

ಅಕ್ಕ